ರೇಖೆಯನ್ನು ತೊರೆದ ಚಿತ್ರಕಾರ: ಹಿಷಿದಾ ಶುನ್‌ಸೋ

ಚಿತ್ರಕ್ಕೆ ರೇಖೆಯೇ ಪ್ರಾಣವೆಂದು ಪೂರ್ವದೇಶಗಳ ಕಲಾಪರಂಪರೆಯು ಬಹುಕಾಲದಿಂದ ನಂಬಿಕೊಂಡು ಬಂದಿತು. ಆ ಪರಂಪರೆಯಲ್ಲಿಯೇ ಬೆಳೆದು, ಅದು ಬದುಕಿ ಉಳಿಯಬೇಕೆಂಬ ಹಂಬಲದಿಂದಲೇ ರೇಖೆಯನ್ನು ತೊರೆದವನು ಜಪಾನಿನ ಹಿಷಿದಾ ಶುನ್‌ಸೋ. ಇದು ಪರಂಪರೆಗೆ ಬಗೆದ ದ್ರೋಹವೋ ಸಲ್ಲಿಸಿದ ಸೇವೆಯೋ ಎಂಬುದನ್ನು ಆತನ ಚಿತ್ರಗಳಿಂದಲೇ ನಿರ್ಣಯಿಸಬೇಕು.

ಶುನ್‌ಸೋ 1874ರಲ್ಲಿ ನಾಗಾನೋ ಪ್ರಾಂತದ ಈದಾ ಎಂಬಲ್ಲಿ ಜನಿಸಿದನು. ಟೋಕಿಯೋ ಕಲಾಶಾಲೆಯಲ್ಲಿ ಓದಿ, ಬಳಿಕ ಅಲ್ಲಿಯೇ ಅಧ್ಯಾಪಕನಾದನು. 1898ರಲ್ಲಿ ಆ ಶಾಲೆಯ ಮುಖ್ಯಸ್ಥನಾಗಿದ್ದ ಒಕಾಕುರಾ ತೆನ್‌ಶಿನ್ ಪದವಿಯನ್ನು ತ್ಯಜಿಸಬೇಕಾಗಿ ಬಂದಾಗ, ಶುನ್‌ಸೋವೂ ಆತನ ಮಿತ್ರನಾದ ಯೊಕೊಯಾಮಾ ತೈಕಾನನೂ ಗುರುವಿನೊಡನೆ ಹೊರಬಂದು, ಅದೇ ವರ್ಷ ಸ್ಥಾಪಿತವಾದ ನಿಹೊನ್ ಬಿಜುತ್ಸುಇನ್ ಎಂಬ ಕಲಾಸಂಸ್ಥೆಯನ್ನು ಸೇರಿದರು.

ಗಾಳಿಯನ್ನೂ ಬೆಳಕನ್ನೂ ದೇಶೀಯ ಕುಂಚದಿಂದಲೇ ಮೂಡಿಸಲಾಗದೆ ಎಂಬ ಜಿಜ್ಞಾಸೆ ಅವರನ್ನು ಆವರಿಸಿತು. ರೇಷ್ಮೆಯ ಮೇಲೆ ಬಣ್ಣವು ಹಸಿಯಾಗಿರುವಾಗಲೇ ಒಣಕುಂಚದಿಂದ ತೀಡಿ, ಅಂಚುಗಳನ್ನು ಕರಗಿಸುವ ಕ್ರಮವನ್ನು ಅವರು ಹಿಡಿದರು. ವಿಮರ್ಶಕರು ಇದನ್ನು ‘ಮೋರೋತೈ’, ಎಂದರೆ ಮಸುಕುಶೈಲಿ, ಎಂದು ಹಳಿದರು. ಆ ನಿಂದೆಯಲ್ಲಿ ಸತ್ಯಾಂಶವಿಲ್ಲದಿರಲಿಲ್ಲ. ಮಂಜು, ಮಳೆ, ಸಂಜೆಗಳಿಗೆ ಒಪ್ಪಿದ ಈ ಕ್ರಮವು ಹಗಲಿನ ಉಜ್ಜ್ವಲತೆಗೆ ಒಪ್ಪುತ್ತಿರಲಿಲ್ಲ. ಬಣ್ಣಗಳು ಕದಡಿ ಮಂಕಾಗುತ್ತಿದ್ದವು.

1903ರಲ್ಲಿ ಈ ಮಿತ್ರರಿಬ್ಬರೂ ಭಾರತಕ್ಕೆ ಬಂದು ಕಲ್ಕತ್ತೆಯಲ್ಲಿ ಠಾಕೂರ್ ಮನೆತನದವರ ಸ್ನೇಹವನ್ನು ಗಳಿಸಿದರು. ತೈಕಾನನು ಚಿತ್ರವನ್ನು ನೀರಿನಿಂದ ತೋಯಿಸುತ್ತಿದ್ದ ರೀತಿಯನ್ನು ಕಂಡು ಅವನೀಂದ್ರನಾಥ ಠಾಕೂರರು ತಮ್ಮ ಜಲವರ್ಣ ಕ್ರಮವನ್ನು ರೂಪಿಸಿಕೊಂಡರು. ಸ್ವದೇಶದಲ್ಲಿ ಹಾಸ್ಯಕ್ಕೆ ಗುರಿಯಾದ ಶೈಲಿಯು ವಂಗದೇಶದ ನವ್ಯ ಚಿತ್ರಕಲೆಗೆ ನೆರವಾದದ್ದು ಸ್ಮರಣೀಯವಾದ ಸಂಗತಿ.

ಮುಂದೆ ಅಮೆರಿಕ, ಯೂರೋಪುಗಳನ್ನು ಸುತ್ತಿ ಮರಳಿದ ಶುನ್‌ಸೋ 1906ರಲ್ಲಿ ಇಜುರಾ ಎಂಬ ಕಡಲತೀರದ ಹಳ್ಳಿಯಲ್ಲಿ ನೆಲಸಿದನು. 1908ರಲ್ಲಿ ನೇತ್ರರೋಗದಿಂದ ಪೀಡಿತನಾಗಿ ಚಿಕಿತ್ಸೆಗೆಂದು ಟೋಕಿಯೋವಿಗೆ ಹಿಂದಿರುಗಬೇಕಾಯಿತು. ಆತನ ಕೊನೆಯ ಚಿತ್ರಗಳ ಸ್ಪಷ್ಟತೆಗೆ ಈ ರೋಗವೇ ಕಾರಣವೆಂದು ಹೇಳಲು ಮನಸ್ಸಾಗುವುದು ಸಹಜ. ಆದರೆ 1907ರ ‘ಕೆನ್‌ಶು ಬೋಧಿಸತ್ವ’ದಲ್ಲಿಯೇ ಶುದ್ಧವರ್ಣಗಳ ಪ್ರಯೋಗವು ಕಾಣುವುದರಿಂದ ಆ ಮಾತು ನಿಲ್ಲುವುದಿಲ್ಲ. ತನ್ನ ಕ್ರಮದ ಕೊರತೆಯನ್ನು ತಾನೇ ಕಂಡುಕೊಂಡು ಆತನು ಮಾರ್ಗವನ್ನು ತಿದ್ದಿಕೊಂಡನು.

1909ರ ‘ಉದುರಿದ ಎಲೆಗಳು’ ಆರಾರು ಮಡಿಕೆಗಳ ಜೋಡಿ ತೆರೆಗಳ ಮೇಲಿನ ಚಿತ್ರ. ಚೇತರಿಸಿಕೊಳ್ಳುವಾಗ ಯೊಯೊಗಿಯ ತೋಪುಗಳಲ್ಲಿ ಅಡ್ಡಾಡಿ ಕಂಡುದೇ ಇದರ ವಸ್ತು. ತೊಗಟೆಯೂ ಎಲೆಯೂ ಸೂಕ್ಷ್ಮವಾಗಿ ಚಿತ್ರಿತವಾಗಿದ್ದರೂ ನೆಲವನ್ನು ಸೂಚಿಸುವ ಗೆರೆ ಎಲ್ಲಿಯೂ ಇಲ್ಲ. ಬಿದ್ದ ಎಲೆಗಳಿಂದಲೇ ನೆಲವಿರುವುದು ತಿಳಿಯುತ್ತದೆ. ಹಿಂದಿನ ಮರಗಳು ತಿಳಿಯಾಗುತ್ತ ಗಾಳಿಯಲ್ಲಿ ಲೀನವಾಗುತ್ತವೆ. 1910ರ ‘ಕರಿಯ ಬೆಕ್ಕು’ ಎಂಬುದರಲ್ಲಿ ಮರದ ಮೇಲೆ ಕುಳಿತ ಬೆಕ್ಕಿಗೆ ಹೊರಗೆರೆಯಿಲ್ಲ. ಅದರ ಮೃದುವಾದ ರೋಮವು ಅಂಚಿನಲ್ಲಿ ಕರಗಿಹೋಗಿದೆ. ಸುತ್ತಲಿನ ಎಲೆಗಳಾದರೋ ಸ್ಫುಟವಾಗಿವೆ. ಹಿಂದೆ ಚಿತ್ರವನ್ನೆಲ್ಲ ವ್ಯಾಪಿಸಿದ್ದ ಮಸುಕು ಇಲ್ಲಿ ತನಗೆ ತಕ್ಕ ಎಡೆಯಲ್ಲಿ ಮಾತ್ರ ನಿಂತಿದೆ. ಆದುದರಿಂದ ಆತನು ಹಳೆಯದಕ್ಕೆ ಶರಣಾದನೆನ್ನುವುದು ಸರಿಯಲ್ಲ. ನಿಂದೆಗೊಳಗಾದ ಗುಣವನ್ನು ಕೈಬಿಡದೆ ಅದರ ಎಲ್ಲೆಯನ್ನು ಅರಿತನು.

1911ರ ಸೆಪ್ಟೆಂಬರ್ 16ರಂದು, ಮೂವತ್ತೇಳು ತುಂಬುವ ಮೊದಲೇ, ಶುನ್‌ಸೋ ತೀರಿಕೊಂಡನು. ತೈಕಾನನು 1958ರವರೆಗೆ ಬಾಳಿ ಅಪಾರ ಗೌರವಕ್ಕೆ ಪಾತ್ರನಾದನು. ಶುನ್‌ಸೋವಿಗೆ ಆ ಕಾಲಾವಕಾಶ ದೊರೆಯಲಿಲ್ಲ. ಪರಂಪರೆಯನ್ನು ಉಳಿಸಬಯಸುವವರು ಅದರ ಹೊರರೂಪವನ್ನು ಕಾಯುವುದೇ ಸಾಲದೆಂಬುದಕ್ಕೆ ಆತನ ಈ ಎರಡು ಚಿತ್ರಗಳು ಸಾಕ್ಷಿಯಾಗಿವೆ.