ಸಹಿ ಹಾಕಿದ ಮಾತ್ರಕ್ಕೆ ಕಾನೂನಲ್ಲ

ಕಂಪನಿಯ ನಿಯಮಪುಸ್ತಕದ ಬಗ್ಗೆ ತಕರಾರು ತೆಗೆದವರಿಗೆಲ್ಲ ಸಿಗುವ ಉತ್ತರ ಒಂದೇ: ‘ಓದಿ ಸಹಿ ಹಾಕಿದ್ದೀಯಲ್ಲ, ಇನ್ನೇನು?’ ಎಚ್‌ಆರ್‌ನವರು ಹೀಗೆನ್ನುವುದು ಸಹಜ. ನನ್ನನ್ನು ಕಾಡುವುದು ಕೆಲಸಗಾರರೂ ಇದನ್ನೇ ನಂಬಿರುವುದು. ಶೆಟ್ಟಿಹಳ್ಳಿಯಂಥ ಊರುಗಳಿಂದ ಹಾಸನದ ಕಾರ್ಖಾನೆಗಳಿಗೆ ಹೋಗುವ ಹೆಣ್ಣುಮಕ್ಕಳಿಗೂ ‘ಕಂಪನಿ ರೂಲ್ಸು’ ಎಂದರೆ ಅದೇ ಕೊನೆಯ ಮಾತು.

ತಡವಾಗಿ ಬಂದವರಿಗೆ ದಂಡ ಎಂಬ ಸಾಲನ್ನೇ ನೋಡಿ. 1936ರ ವೇತನ ಪಾವತಿ ಕಾಯ್ದೆಯ ಪ್ರಕಾರ ದಂಡ ಆ ವೇತನಾವಧಿಯ ಕೂಲಿಯ ಶೇಕಡಾ 3ನ್ನು ಮೀರುವಂತಿರಲಿಲ್ಲ. 12,000 ರೂಪಾಯಿ ಸಂಬಳಕ್ಕೆ 360 ರೂಪಾಯಿ, ಅಷ್ಟೇ. ವಿವರಣೆ ಕೊಡಲು ಅವಕಾಶ ಕೊಡದೆ ಹಾಕುವಂತಿರಲಿಲ್ಲ. ವಸೂಲಾದ ಹಣ ಕೆಲಸಗಾರರ ಹಿತಕ್ಕೇ ಖರ್ಚಾಗಬೇಕಿತ್ತು. ಶೇಕಡಾ 3ರ ಆ ಮಿತಿ ಹೊಸ ವೇತನ ಸಂಹಿತೆಯಲ್ಲೂ ಉಳಿದಿದೆ. ಪುಸ್ತಕದಲ್ಲಿ ಇದಕ್ಕಿಂತ ಹೆಚ್ಚು ಬರೆದು ಎಷ್ಟು ಸಹಿ ಪಡೆದರೂ ಆ ಸಾಲಿಗೆ ಬೆಲೆಯಿಲ್ಲ.

ಬ್ರೊಜೊನಾಥ್ ಗಂಗೂಲಿ ಪ್ರಕರಣದಲ್ಲಿ 1986ರಲ್ಲೇ ಸುಪ್ರೀಂ ಕೋರ್ಟ್, ಮೂರು ತಿಂಗಳ ನೋಟಿಸು ಕೊಟ್ಟು ಕಾರಣ ಹೇಳದೆ ಮನೆಗೆ ಕಳಿಸುವ ನಿಯಮವನ್ನು ಅನ್ಯಾಯದ ಕರಾರೆಂದು ಅಸಿಂಧುಗೊಳಿಸಿತು. ಹಾಗಂತ ಸಹಿಗೆ ಬೆಲೆಯೇ ಇಲ್ಲವೆನ್ನಲಾರೆ. ಮೂರು ವರ್ಷದೊಳಗೆ ಕೆಲಸ ಬಿಟ್ಟರೆ 2 ಲಕ್ಷ ರೂಪಾಯಿ ಕಟ್ಟಬೇಕೆಂಬ ವಿಜಯಾ ಬ್ಯಾಂಕಿನ ಷರತ್ತನ್ನು ಕರ್ನಾಟಕ ಹೈಕೋರ್ಟ್ ಒಪ್ಪಿರಲಿಲ್ಲ. ಸುಪ್ರೀಂ ಕೋರ್ಟ್ 2025ರಲ್ಲಿ ಅದನ್ನು ಎತ್ತಿಹಿಡಿಯಿತು. ಆ ತೀರ್ಪು ನನಗೆ ಹಿಡಿಸಿಲ್ಲ. ಆದರೆ ಅಲ್ಲೂ ಷರತ್ತು ಗೆದ್ದದ್ದು ನ್ಯಾಯಸಮ್ಮತವೇ ಎಂಬ ಪರೀಕ್ಷೆ ದಾಟಿದ ಮೇಲೆ, ಬರೀ ಸಹಿಯ ಬಲದಿಂದಲ್ಲ.

ಕಾರ್ಮಿಕ ಕಾನೂನನ್ನು ಮೆಚ್ಚುವವರೂ ಒಂದು ಸಂಗತಿಯನ್ನು ಕಡೆಗಣಿಸುತ್ತಾರೆ. ಅವರ ಕಣ್ಣಿಗೆ ಅದು ವಜಾದಿಂದ ಕಾಪಾಡುವ ಗುರಾಣಿ ಮಾತ್ರ. ಕಂಪನಿ ನಿಯಮಗಳನ್ನು ಕುರಿತ 1946ರ ಸ್ಥಾಯಿ ಆದೇಶಗಳ ಕಾಯ್ದೆಯ ಹೆಚ್ಚುಗಾರಿಕೆ ಬೇರೆಯೇ ಇತ್ತು: ನಿಯಮದ ಕರಡು ಮೊದಲು ಕಾರ್ಮಿಕರ ಮುಂದೆ ಬರಬೇಕು, ಆಕ್ಷೇಪಕ್ಕೆ 15 ದಿನ ಸಿಗಬೇಕು, ಅದು ನ್ಯಾಯವಾಗಿದೆಯೇ ಎಂದು ಅಧಿಕಾರಿ ತೂಗಬೇಕು (ಈ ಅಧಿಕಾರ ಬಂದದ್ದು 1956ರ ತಿದ್ದುಪಡಿಯಿಂದ). ಆಮೇಲೆ ಗೇಟಿನ ಬಳಿ, ಪ್ರತಿ ವಿಭಾಗದಲ್ಲಿ, ಬಹುಪಾಲು ಕಾರ್ಮಿಕರಿಗೆ ಅರ್ಥವಾಗುವ ಭಾಷೆಯಲ್ಲಿ ಬೋರ್ಡು ಹಾಕಬೇಕು. ಹಾಸನದಲ್ಲಿ ಹಾಗೆಂದರೆ ಕನ್ನಡ. ನಿಯಮ ಬರೆಯುವಾಗಲೇ ದುಡಿಯುವವರಿಗೆ ಬಾಯಿ ಕೊಟ್ಟ ಕಾಯ್ದೆ ಅದು.

ಆ ಬಾಯನ್ನು ಈಗ ಮುಚ್ಚಿಸುತ್ತಿದ್ದೇವೆ. ಮೂಲ ಕಾಯ್ದೆ 100 ಕಾರ್ಮಿಕರಿದ್ದ ಕಡೆ ಅನ್ವಯಿಸುತ್ತಿತ್ತು; 2025ರ ನವೆಂಬರ್ 21ರಂದು ಜಾರಿಯಾದ ಕೈಗಾರಿಕಾ ಸಂಬಂಧಗಳ ಸಂಹಿತೆ ಅದನ್ನು 300ಕ್ಕೆ ಏರಿಸಿದೆ. ನಮ್ಮ ರಾಜ್ಯ ಸರ್ಕಾರವಂತೂ ಐಟಿ ಕಂಪನಿಗಳಿಗೆ ಮೂಲ ಕಾಯ್ದೆಯಿಂದ ಕೊಟ್ಟಿದ್ದ ವಿನಾಯಿತಿಯನ್ನು 2024ರಲ್ಲಿ ಮತ್ತೆ ಐದು ವರ್ಷ ಮುಂದುವರಿಸಿತ್ತು. ಉದ್ಯಮಕ್ಕೆ ಅನುಕೂಲ ಎಂಬ ಸಮರ್ಥನೆ ನನಗೆ ಒಪ್ಪಿಗೆಯಿಲ್ಲ. 250 ಜನ ದುಡಿಯುವ ಘಟಕದ ಮಾಲೀಕರಿಗೆ ಕರಡನ್ನು ಕನ್ನಡದಲ್ಲಿ ಅಚ್ಚು ಮಾಡಿ ಹದಿನೈದು ದಿನ ಗೋಡೆಗೆ ಅಂಟಿಸುವುದರಿಂದ ಆಗುವ ನಷ್ಟವೇನು? ಕಾನೂನು ಬಲವಂತ ಮಾಡದಿದ್ದರೂ ಸಂಘಟನೆಗಳು ಇದನ್ನು ಕೇಳಿ ಪಡೆಯಬೇಕು, ಕಾರ್ಮಿಕ ಇಲಾಖೆ ಅವುಗಳ ಬೆನ್ನಿಗೆ ನಿಲ್ಲಬೇಕು.