ತಾಳಕ್ಕೆ ತುಳಿಯುವ ಯಂತ್ರ

ಕೇರಳದ ವಯನಾಡಿನ ಪಣಿಯ ಬುಡಕಟ್ಟಿನವರ ವಟ್ಟಕ್ಕಳಿ ಕುಣಿತದಲ್ಲಿ ತುಡಿ ಎಂಬ ಚರ್ಮವಾದ್ಯದ ಬಡಿತಕ್ಕೆ ಹೆಂಗಸರ ಹೆಜ್ಜೆ ಸುತ್ತು ಕಟ್ಟುತ್ತದೆ. ತಾಳ ಕೇಳಿದೊಡನೆ ಪಾದಕ್ಕೆ ಹುಟ್ಟುವ ಆ ಸುಖವನ್ನು ಜಪಾನಿನ ಕೊನಾಮಿ ಕಂಪನಿ 1998ರಲ್ಲಿ ಒಂದು ಯಂತ್ರಕ್ಕೆ ತುಂಬಿತು. ಅದೇ ಡಾನ್ಸ್ ಡಾನ್ಸ್ ರೆವಲ್ಯೂಷನ್. ಪರದೆಯಲ್ಲಿ ಬಾಣಗಳು ಮೇಲೇರುತ್ತವೆ. ಅವು ಗುರುತು ಮುಟ್ಟುವ ಕ್ಷಣಕ್ಕೆ ಸರಿಯಾಗಿ ಕಾಲಡಿಯ ನಾಲ್ಕು ಫಲಕಗಳಲ್ಲಿ ತಕ್ಕದ್ದನ್ನು ತುಳಿಯಬೇಕು. ಪಳಗಿದವರ ಆಟ ನೋಡಬೇಕು! ಬೆನ್ನ ಹಿಂದಿನ ಕಂಬಿ ಹಿಡಿದು, ಮೈಭಾರವನ್ನು ಅದಕ್ಕೆ ಬಿಟ್ಟು, ಪಾದಗಳನ್ನಷ್ಟೇ ಆಡಿಸುತ್ತಾರೆ. ಬೆವರು ಸುರಿಯುತ್ತದೆ, ಸುತ್ತ ಜನ ಸೇರುತ್ತಾರೆ.

ಇದು ಉಳಿದೀತೇ? ಉಳಿದೀತು ಎಂದೇ ನನ್ನ ನಂಬಿಕೆ. ದಪ್ಪ ಪಿಕ್ಚರ್ ಟ್ಯೂಬಿನ ಜಾಗಕ್ಕೆ ತೆಳು ಪರದೆ ಬಂತು, ಆಟ ಹೋಗಲಿಲ್ಲ. ಕೊರಿಯಾದಲ್ಲಿ 1999ರಲ್ಲಿ ಹುಟ್ಟಿದ, ಐದು ಫಲಕಗಳ ಪಂಪ್ ಇಟ್ ಅಪ್ ಹೊಸ ಹೊಸ ಆವೃತ್ತಿ ಕಂಡಿದೆ. ಸ್ಟೆಪ್‌ಮೇನಿಯಾ ಎಂಬ ಉಚಿತ ತಂತ್ರಾಂಶದಲ್ಲಿ ಅಭಿಮಾನಿಗಳೇ ಬೇಕಾದ ಹಾಡಿಗೆ ಹೆಜ್ಜೆ ಜೋಡಿಸುತ್ತಾರೆ. ಕನ್ನಡದ ಹಾಡಿಗೂ ಜೋಡಿಸಬಹುದು. ಮೊಬೈಲು ಬೆರಳಿಗೆ ಕೆಲಸ ಕೊಟ್ಟೀತು, ಇಡೀ ಮೈಗೆ ಕೊಡಲಾರದು. ನಿಜವಾದ ತೊಡಕು ದುರಸ್ತಿಯದು. ಫಲಕದಡಿಯ ಸೆನ್ಸರ್‌ಗಳು ತುಳಿತಕ್ಕೆ ಸವೆಯುತ್ತವೆ. ಒಂದು ಬಾಣ ಕೈಕೊಟ್ಟರೂ ಇಡೀ ಹಾಡು ಕೆಡುತ್ತದೆ. ಆಟದ ಮಳಿಗೆಯವರು ಹೊಸ ಯಂತ್ರಕ್ಕಿಂತ ಮೊದಲು, ಫಲಕ ಬಿಚ್ಚಿ ಸೆನ್ಸರ್ ಬದಲಿಸಬಲ್ಲ ಮೆಕ್ಯಾನಿಕ್‌ನನ್ನು ಹುಡುಕಿಟ್ಟುಕೊಳ್ಳಲಿ.