ಹಣ್ಣು ಬಿಟ್ಟು ಬಟ್ಟಲು ನೋಡಿ: ಗುಲಾಬಿ ಕುಟುಂಬದ ರಸಿಕರಿಗೊಂದು ಕೈಪಿಡಿ

ಗುಲಾಬಿ, ಸೇಬು, ಬಾದಾಮಿ, ಸ್ಟ್ರಾಬೆರಿ ಎಲ್ಲವೂ ಒಂದೇ ಮನೆಯವು ಎಂದರೆ ಹೊಸಬರು ನಂಬುವುದು ಕಷ್ಟ. ಕಣ್ಣು ಮೊದಲು ಹೋಗುವುದು ಹಣ್ಣಿನ ಮೇಲೆ, ಹಣ್ಣುಗಳಲ್ಲೋ ಒಂದಕ್ಕೊಂದು ಹೋಲಿಕೆಯೇ ಇಲ್ಲ. ಈ ಕುಟುಂಬದ ಸೊಗಸು ತಿಳಿಯಬೇಕಾದರೆ ಹಣ್ಣನ್ನು ಬದಿಗಿಟ್ಟು ಹೂವಿನ ಬುಡದ ಬಟ್ಟಲಿನಿಂದ ಶುರುಮಾಡಬೇಕು ಎಂಬುದು ನನ್ನ ವಾದ. ಹೂವಿನಂಗಡಿಯ ಗುಲಾಬಿ ಇದಕ್ಕೆ ಆಗದು. ಅದರ ಹೆಚ್ಚುವರಿ ಎಸಳುಗಳು ಬಹುಮಟ್ಟಿಗೆ ವೇಷ ಬದಲಿಸಿದ ಕೇಸರಗಳೇ. ಒಳಸುತ್ತಿನಲ್ಲಿ ಅರ್ಧ ಎಸಳು, ಅರ್ಧ ಕೇಸರವಾಗಿ ನಿಂತುಬಿಟ್ಟವೂ ಸಿಗುತ್ತವೆ. ಐದೆಸಳಿನ ಕಾಡುಗುಲಾಬಿಯನ್ನು ಉದ್ದಕ್ಕೆ ಸೀಳಿದರೆ ಪುಷ್ಪಪತ್ರ, ಎಸಳು, ಕೇಸರ ಮೂರೂ ಒಂದೇ ಬಟ್ಟಲಿನ ಅಂಚಿಗೆ ಕಚ್ಚಿಕೊಂಡಿರುವುದು ಕಾಣುತ್ತದೆ.

ಈ ಅಂಚನ್ನು ಸಸ್ಯವಿಜ್ಞಾನಿ ಲಿನೇಯಸ್ ಗಮನಿಸಿದ್ದ. 1753ರ ಅವನ ಪುಸ್ತಕದಲ್ಲಿ ಕೇಸರಗಳು ಇಪ್ಪತ್ತೋ ಹೆಚ್ಚೋ ಇದ್ದು, ಪುಷ್ಪಪತ್ರದ ವೃತ್ತಕ್ಕೆ ಅಂಟಿಕೊಂಡಿದ್ದರೆ ಒಂದು ವರ್ಗ. ಪೀಠದಿಂದಲೇ ಎದ್ದಿದ್ದರೆ ಬೇರೆ ವರ್ಗ. ಆದರೆ ವರ್ಗದೊಳಗೆ ಶಲಾಕೆಗಳನ್ನು ಎಣಿಸಲು ಕೂತು ಎಡವಿದ: ಬಾದಾಮಿಯ ಸಾಲಿಗೆ ಸೀಬೆ, ದಾಳಿಂಬೆ, ಪಾಪಸುಕಳ್ಳಿಗಳೂ ಬಂದವು, ಗುಲಾಬಿ ಬೇರೆ ಸಾಲಿಗೆ ಹೋಯಿತು. ಸ್ವರ ಎಣಿಸಿದ ಮಾತ್ರಕ್ಕೆ ರಾಗ ಸಿಕ್ಕೀತೆ? 1789ರಲ್ಲಿ ಪ್ಯಾರಿಸ್ಸಿನ ಜ್ಯೂಸ್ಯೂ ಹಲವು ಲಕ್ಷಣಗಳನ್ನು ಒಟ್ಟಿಗೆ ತೂಗಿ ಈ ಕುಟುಂಬಕ್ಕೆ ನೆಲೆ ಕೊಟ್ಟ. ಆಮೇಲಿನವರು ಮತ್ತೆ ಹಣ್ಣಿಗೆ ಮರುಳಾದರು. ಒಣಗಿ ಬಿರಿಯುವ ಕಾಯಿ, ಸೇಬಿನಂಥದು, ಓಟೆಯುಳ್ಳದ್ದು, ಗುಲಾಬಿ-ಸ್ಟ್ರಾಬೆರಿಗಳಂತೆ ಪುಟ್ಟ ಕಾಯಿಗಳ ಗುಂಪು ಎಂದು ನಾಲ್ಕು ಉಪಕುಟುಂಬ ಮಾಡಿದರು. ವರ್ಣತಂತುಗಳ ಮೂಲಸಂಖ್ಯೆ ಸೇಬಿನ ಬಳಗದಲ್ಲಿ 17, ಓಟೆಯ ಬಳಗದಲ್ಲಿ 8 ಎಂದು ತಿಳಿದಾಗ ವಿಂಗಡಣೆ ಇನ್ನಷ್ಟು ಗಟ್ಟಿಯಾದಂತೆ ಕಂಡಿತು. 8ರವೂ 9ರವೂ ಕೂಡಿ 17 ಹುಟ್ಟಿತೆಂಬ ಸರಳ ಲೆಕ್ಕವೂ ಚಾಲ್ತಿಯಲ್ಲಿತ್ತು. 2010ರಲ್ಲಿ ಪ್ರಕಟವಾದ ಸೇಬಿನ ಜೀನೋಮು ಬೇರೆಯದನ್ನೇ ಹೇಳಿತು: 9 ಇಮ್ಮಡಿಯಾಗಿ, ಆಮೇಲೆ ಒಂದು ಕಡಿಮೆಯಾದದ್ದೇ 17. ಅಷ್ಟರೊಳಗೆ, 2007ರಲ್ಲಿ, ಡಿಎನ್ಎ ಆಧಾರದ ವರ್ಗೀಕರಣ ನಾಲ್ಕನ್ನು ಮೂರಕ್ಕಿಳಿಸಿ ಸೇಬು, ಬಾದಾಮಿಗಳನ್ನು ಒಂದೇ ಉಪಕುಟುಂಬಕ್ಕೆ ಸೇರಿಸಿತ್ತು. ಉತ್ತರ ಅಮೆರಿಕದ ಗಿಲ್ಲೇನಿಯಾದ ಕಾಯಿ ಒಣಗಿ ಬಿರಿಯುವಂಥದು, ಆದರೂ ಸೇಬಿನ ಬಳಗಕ್ಕೆ ಅದೇ ಹತ್ತಿರದ ನೆಂಟ.

ಡಿಎನ್ಎಯೇ ತೀರ್ಪು ಕೊಡುವಾಗ ಬಟ್ಟಲನ್ನು ಯಾಕೆ ನೋಡಬೇಕು ಎಂದು ಕೇಳಬಹುದು. ಯಾರಿಗೆ ಯಾರು ನೆಂಟರೆಂದು ಡಿಎನ್ಎ ಹೇಳೀತು. ರೂಪ ಹೇಗೆ ಬದಲಾಯಿತೆಂದು ಕಾಣಲು ರೂಪವನ್ನೇ ನೋಡಬೇಕು. ಗುಲಾಬಿಯಲ್ಲಿ ಬಟ್ಟಲೇ ತುಂಬಿಕೊಂಡು ಕೆಂಪಾಗುತ್ತದೆ. ಒಳಗೆ ಗಟ್ಟಿ ಬೀಜದಂತೆ ತೋರುವವೇ ನಿಜವಾದ ಕಾಯಿಗಳು. ಸ್ಟ್ರಾಬೆರಿಯಲ್ಲಿ ಬಟ್ಟಲು ಅಡಿಯಲ್ಲಿ ಚಪ್ಪಟೆಯಾಗಿ ಉಳಿದು, ನಡುವಿನ ದಿಬ್ಬ ಉಬ್ಬುತ್ತದೆ. ಕಾಯಿಗಳು ಅದರ ಮೈಮೇಲೆ ಎಳ್ಳು ಅಂಟಿಸಿದಂತೆ ಕೂತಿರುತ್ತವೆ. ಬಾದಾಮಿಯಲ್ಲಿ ಬಟ್ಟಲು ಒಣಗಿ ಉದುರಿ, ಅಂಡಾಶಯ ಒಂದೇ ಕಾಯಾಗುತ್ತದೆ. (ನಮ್ಮ ಬೀದಿಬದಿಯ ಅಗಲ ಎಲೆಯ ಕಾಡುಬಾದಾಮಿಗೆ ಹೆಸರಷ್ಟೇ ಬಾದಾಮಿ; ಅದು ಮತ್ತಿಯ ಬಳಗದ್ದು.) ಸೇಬಿನಲ್ಲಿ ಬಟ್ಟಲು ಅಂಡಾಶಯದೊಂದಿಗೆ ಬೆಸೆದು ತಿರುಳಾಗುತ್ತದೆ.

ಬಟ್ಟಲು ಈ ಕುಟುಂಬದ ಸ್ವತ್ತೇನಲ್ಲ ಎಂಬ ಆಕ್ಷೇಪಕ್ಕೆ ಬಲ ಹೆಚ್ಚು. ಸೇಬಿನ ತೊಟ್ಟಿನ ಎದುರು ತುದಿಯ ಕುಳಿಯಲ್ಲಿ ಐದು ಪುಷ್ಪಪತ್ರಗಳು ಕಂದಿ ಮುದುಡಿವೆ; ಸೀಬೆಯ ತುದಿಯಲ್ಲೂ ಇಂಥದೇ ಕಿರೀಟವಿದೆ. ಲಿನೇಯಸ್ ಎರಡನ್ನೂ ಒಂದೇ ವರ್ಗಕ್ಕೆ ಹಾಕಿದ್ದು ಸುಮ್ಮನೆ ಅಲ್ಲ. ಹಾಗಾಗಿ ಬಟ್ಟಲನ್ನು ಕಂಡ ಕಣ್ಣು ರೆಂಬೆಗೂ ಇಳಿಯಬೇಕು. ಸೀಬೆಯ ಎಲೆಗಳು ಎದುರುಬದುರು, ಬುಡದಲ್ಲಿ ಬೇರೇನೂ ಇಲ್ಲ. ಸೇಬಿನವು ಒಂದಾದ ಮೇಲೊಂದು ಸುತ್ತಿ ಬರುತ್ತವೆ, ಎಳೆಯದರ ತೊಟ್ಟಿನ ಬುಡದಲ್ಲಿ ಎರಡು ಸಣ್ಣ ಉಪಪರ್ಣಗಳು.